ಜೋಳದ ಮರೆಯ ಜಿಂಕೆ

ನಾನು ಅಡವಿ ನೋಡಿದವಳಲ್ಲ. ಅತನೂರಿನಲ್ಲಿ ಹುಟ್ಟಿ, ಮದುವೆಯಾಗಿ ಆಳಂದಕ್ಕೆ ಬಂದ ನಾನು ಕಂಡದ್ದೆಲ್ಲ ಕರಿಮಣ್ಣು, ತೊಗರಿ, ಜೋಳ. ಆದರೂ ಕುಂಚ ಹಿಡಿದರೆ ಕೈ ಅಡವಿಗೇ ಹೋಗುತ್ತದೆ. ಯಾರ ಹತ್ತಿರ ಕಲಿತೆ ಎಂದು ಕೇಳುವವರಿಗೆ ಹೇಳಿ ಹೇಳಿ ಸಾಕಾಗಿದೆ. ಹುಲಿಯ ಮುಖ ಕಲಿತದ್ದು ದೇವಿಯ ಕ್ಯಾಲೆಂಡರಿನಿಂದ, ನಡಿಗೆ ತವರುಮನೆಯ ಎತ್ತಿನಿಂದ. ಹಾಗಾಗಿ ನನ್ನ ಹುಲಿಗಳು ಕೊರಳು ತಗ್ಗಿಸಿ, ಬಂಡಿ ಎಳೆಯುವ ಹಾಗೆ ಬರುತ್ತವೆ. ಗಿಡಗಳು ಮಾತ್ರ ಎಳ್ಳಮಾವಾಸ್ಯೆಯವು. ಚಿಕ್ಕವಳಿದ್ದಾಗ ಭೂಮಿತಾಯಿಗೆ ಎಡೆ ಎಂದು ಹೊಲದಲ್ಲಿ ಚರಗ ಚೆಲ್ಲುವ ದೊಡ್ಡವರ ಹಿಂದೆ ಜೋಳದೊಳಗೆ ನುಗ್ಗಿ ದಾರಿ ತಪ್ಪಿದ್ದೆ. ತಲೆಯ ಮೇಲೆಲ್ಲ ಎಲೆ, ಆಚೆ ಏನೋ ಸರಸರ ಸದ್ದು. ಆ ಹೆದರಿಕೆ ಇನ್ನೂ ಹೋಗಿಲ್ಲ. ಫೋನಿನಲ್ಲಿ ಬೇಕಾದಷ್ಟು ಕಾಡು ಸಿಗುತ್ತದೆ, ಆದರೆ ಅದನ್ನು ನೋಡಿದರೆ ನನಗೆ ಏನೂ ಆಗುವುದಿಲ್ಲ.

ನಮ್ಮ ಓಣಿಯ ವಕೀಲರು ಹೊಸ ಮನೆ ಕಟ್ಟಿಸಿ, ಪಡಸಾಲೆಯ ಗೋಡೆ ತುಂಬ ಅಡವಿ ಬರೆಯಲು ಹೇಳಿದರು. ನಮ್ಮ ಮನೆಯ ಹೊರಗೆ ನನಗೆ ಸಿಕ್ಕ ಮೊದಲ ಗೋಡೆ ಅದು. ಅಲ್ಲಿಯವರೆಗೆ ನನ್ನ ಚಿತ್ರಗಳೆಲ್ಲ ಅಡುಗೆಮನೆಯಲ್ಲೇ ಒಗ್ಗರಣೆ ಹೊಗೆ ಕುಡಿಯುತ್ತಿದ್ದವು. ಸುಮ್ಮನೆ ಬಿಡುತ್ತೇನೆಯೇ? ಜೀವ ತೇದು ಬರೆದೆ. ಹುಲಿ ಹಾರಿ ಜಿಂಕೆಯ ಬೆನ್ನ ಮೇಲೆ ಪಂಜ ಇಟ್ಟಿತ್ತು. ಕೊರಳಿಗೆ ಒಂದಿಷ್ಟು ಕೆಂಪು ಕೂಡ ಹಚ್ಚಿದ್ದೆ.

ಗೃಹಪ್ರವೇಶದ ಹಿಂದಿನ ದಿನ ಮಧ್ಯಾಹ್ನ ವಕೀಲರ ತಾಯಿ ಬಂದು ನೋಡಿದರು. ಓಣಿಯೆಲ್ಲ ಅವರನ್ನು ಆಯಿ ಎನ್ನುತ್ತದೆ.

"ಇದೇನ್ ಬೇ ಇದು? ನಾಳಿ ಮಠದ ಅಪ್ಪಾರು ಪಾದಪೂಜಿ ಮುಗಿಸಿ ಇಲ್ಲೇ ಪ್ರಸಾದಕ್ಕ ಕೂಡವ್ರಿದ್ದಾರ. ಲಿಂಗ ಕಟ್ಟಿದ ಮನ್ಯಾಗ ಗ್ವಾಡಿ ಮ್ಯಾಲ ಜೀವ ತಗ್ಯಾಕತ್ತೀ ಏನು?"

ನನ್ನ ಕೊರಳಲ್ಲೂ ಲಿಂಗವಿದೆ. ಇಷ್ಟು ದಿನ ಬಣ್ಣ ಹಚ್ಚಿದರೂ ಅದು ತಲೆಗೆ ಹೊಳೆದೇ ಇರಲಿಲ್ಲ.

ವಕೀಲರು ವಾದ ಮಾಡಲಿಲ್ಲ. ಬಿಳಿ ಬಣ್ಣದ ಡಬ್ಬಿ, ರೋಲರ್ ತಂದು ಗೋಡೆಯ ಬುಡಕ್ಕೆ ಇಟ್ಟರು. "ಏನೂ ತಿಳ್ಕೋಬ್ಯಾಡ್ರಿ. ಸಂಜಿತನಕ ಏನರೆ ಮಾಡ್ರಿ. ಅವ್ವ ಒಪ್ಪಲಿಲ್ಲಂದ್ರ ಬಳದ್ ಬಿಡ್ತೇನ್ರಿ."

ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿಬಿಡೋಣ ಎನಿಸಿತು, ಕಾಲು ಬರಲಿಲ್ಲ. ಜಿಂಕೆಯನ್ನು ಅಳಿಸಿದರೆ ಹುಲಿ ಬರಿಗಾಳಿಗೆ ಹಾರುವ ಬೆಕ್ಕಾಗುತ್ತದೆ. ಆಯಿ ಹೊಸ್ತಿಲಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಮೊರದ ಸದ್ದು ನಿಂತಾಗಲೆಲ್ಲ ಅವರು ನನ್ನ ಬೆನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಕುಂಚಕ್ಕೆ ಹಸಿರು ಅದ್ದಿ ಜಿಂಕೆಯ ಗೊರಸಿನ ಮೇಲೆ ಒಂದು ಜೋಳದ ಎಲೆ ಎಳೆದೆ. ಆಮೇಲೆ ಹೊಟ್ಟೆಯ ಮೇಲೆ, ಬೆನ್ನಿನ ಮೇಲೆ, ಹುಲಿಯ ಪಂಜದ ಮೇಲೆ. ಕೆಂಪು ಮುಚ್ಚಿತು. ಬಿಸಿಲು ಇಳಿಯುವ ಹೊತ್ತಿಗೆ ಜಿಂಕೆಯ ಒಂದು ಕಣ್ಣು ಮಾತ್ರ ಉಳಿದಿತ್ತು. ಅದರ ಮೇಲೆ ಕುಂಚ ಇಡಲು ನನ್ನಿಂದಾಗಲಿಲ್ಲ. ಬಿಟ್ಟುಬಿಟ್ಟೆ.

ಆಯಿ ಎದ್ದು ಬಂದರು. "ಜಿಂಕಿ ಹೋತಲ್ಲ, ಚಲೋ ಆತು. ಇದು ನಮ್ಮ ಜ್ವಾಳನ ಅದ ಬೇ!" ಎನ್ನುತ್ತ ಬೆರಳನ್ನು ಎಲೆಯಿಂದ ಎಲೆಗೆ ಆಡಿಸಿದರು. ಬೆರಳು ಕಣ್ಣಿನ ಹತ್ತಿರ ಬಂದು ನಿಂತಿತು.

ಬಾಗಿಲಲ್ಲಿ ವಕೀಲರು. "ಅವ್ವಾ, ಬಳೀಲೇನು?"

ಆಯಿ ಅಂಗೈಯನ್ನು ಇಡಿಯಾಗಿ ಆ ಕಣ್ಣಿನ ಮೇಲೆ ಊರಿದರು. "ಬ್ಯಾಡ. ಇಲ್ಲೇನೂ ಇಲ್ಲ."

ವಕೀಲರು ಡಬ್ಬಿ ಎತ್ತಿಕೊಂಡು ಹೋದ ಮೇಲೆ ಆಯಿ ಕೈ ತೆಗೆದರು. ಅಂಗೈಯೆಲ್ಲ ಹಸಿರಾಗಿತ್ತು.

"ಅಂಜಿ ಕುಂತದ," ಎಂದರು ಮೆಲ್ಲಗೆ. "ಯಾರ ಮುಂದನೂ ಹೇಳಬ್ಯಾಡ."

ಮರುದಿನ ಸ್ವಾಮಿಗಳು ಪ್ರಸಾದಕ್ಕೆ ಕುಳಿತರು. ಸೊಸೆ ಕುರ್ಚಿ ತಂದುಕೊಟ್ಟರೂ ಆಯಿ ಕೂಡಲಿಲ್ಲ. ಸ್ವಾಮಿಗಳು ಕೈ ತೊಳೆದು ಏಳುವವರೆಗೂ ಆ ಕಣ್ಣಿಗೆ ಬೆನ್ನು ಕೊಟ್ಟು, ಗೋಡೆ ಬಿಟ್ಟು ಕದಲದೆ ನಿಂತಿದ್ದರು.