ಮದುಮಕ್ಕಳ ಫೋಟೊ ಇದ್ದ ರೊಟ್ಟಿ ಕವರ್

ಅಕ್ಕನ ಮದುವೆಯಲ್ಲಿ ಬೀಗರ ಮನೆಗೆ ಕಳಿಸುವ ರೊಟ್ಟಿಯ ಬುತ್ತಿ ಕಟ್ಟುವ ಹೊಣೆಯನ್ನು ನಮ್ಮ ಸೋದರಮಾವ ಯಾರೂ ಕೇಳದೆ ತನ್ನ ತಲೆಯ ಮೇಲೆ ಹಾಕಿಕೊಂಡ. ಆಳಂದದಲ್ಲಿ ಅವನದೊಂದು ಕಿರಾಣಿ ಅಂಗಡಿ. ಚಿಪ್ಸ್ ಪೊಟ್ಟಣ ಮಾರಿದವನಿಗೆ ಪೊಟ್ಟಣದ ಶಾಸ್ತ್ರವೆಲ್ಲ ಗೊತ್ತಿರುತ್ತದೆ ಎಂಬುದು ಅವನೊಬ್ಬನದೇ ನಂಬಿಕೆ.

ಅಫಜಲಪುರದ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿದರೆ ಒಲೆಯ ಬದಿಗೆ ನಿಲ್ಲಿಸಿ, ಕಟುಮ್ ಎನ್ನುವವರೆಗೆ ಆರಿಸಿ, ಹಳೆಯ ಧೋತರದಲ್ಲಿ ಕಟ್ಟುವುದು ರೂಢಿ. ತಿಂಗಳಾದರೂ ಕೆಡುವುದಿಲ್ಲ. ಮಾವನ ಕಣ್ಣಿಗೆ ಅದು ಬಡವರ ಗಂಟು. ಮದುಮಕ್ಕಳ ಫೋಟೊ ಅಚ್ಚು ಹಾಕಿಸಿದ ದಪ್ಪ ಪ್ಲಾಸ್ಟಿಕ್ ಕವರ್ ತಂದ, ಬಾಯಿ ಅಂಟಿಸುವ ಮಷೀನೂ ತಂದ. ರೊಟ್ಟಿಗಳನ್ನು ಬಡಿದವಳು ಅಕ್ಕನೇ. ಓಣಿಯಲ್ಲಿ ಅವಳಂಥ ಕೈ ಇನ್ನೊಂದಿರಲಿಲ್ಲ.

“ಇನ್ನಾ ಬಿಸಿ ಅದಾವ, ಆರಲಿ ತಡಿ,” ಎಂದಳು ಅವ್ವ.

“ನಿನಗ ತಿಳಿಯಂಗಿಲ್ಲ, ಸುಮ್ಕಿರಬೇ. ಒಳಗ ಗಾಳಿನೇ ಹೋಗಲಿಲ್ಲಂದ್ರ ಕೆಡೋದು ಹೆಂಗ?” ಎಂದ ಮಾವ.

ಗಾಳಿ ಒಳಗೆ ಹೋಗಲಿಲ್ಲ, ನಿಜ. ಹಬೆಯೂ ಹೊರಗೆ ಹೋಗಲಿಲ್ಲ. ಪ್ಲಾಸ್ಟಿಕ್‌ನದೇನು ತಪ್ಪು? ಆರಿದ್ದನ್ನು ಕೊಟ್ಟರೆ ಆರಿದ್ದನ್ನೇ ಕಾಯುತ್ತದೆ, ಹಸಿಯನ್ನು ಕೊಟ್ಟರೆ ಹಸಿಯನ್ನೇ ಕಾಯುತ್ತದೆ. ಅಷ್ಟು ಬುದ್ಧಿ ಕವರಿಗಾದರೂ ಇತ್ತು.

ಜೇವರ್ಗಿಯಲ್ಲಿ ಬೀಗರು ಓಣಿಯ ಮನೆಮನೆಗೂ ಬುತ್ತಿ ಬೀರಿದರು. ಕವರ್ ಹರಿದು ನೋಡಿದರೆ ಅಕ್ಕ-ಭಾವನ ನಗುಮುಖದ ಹಿಂದೆ ಹಸಿರು ಬೂಷ್ಟು. ಅಂದಿನಿಂದ ಅಕ್ಕನ ಅತ್ತೆ ಹೊಸ ಸೊಸೆಯನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. “ನಿನಗ ರೊಟ್ಟಿ ಬರಂಗಿಲ್ಲ, ಭಾಂಡಿ ತಿಕ್ಕು,” ಎಂದಳಂತೆ. ಅಕ್ಕ ಫೋನಿನಲ್ಲಿ ಅತ್ತದ್ದನ್ನು ನಾನೇ ಕೇಳಿದೆ. ಮಾವ ಮಾತ್ರ, “ಹಿಟ್ಟಿಗೆ ನೀರ ಭಾಳ ಹಾಕ್ಯಾಳ,” ಎಂದು ಕೈ ತೊಳೆದುಕೊಂಡ. ಆ ಮಾತು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಅತ್ತೆ ಜ್ವರ ಹಿಡಿದು ಮಲಗಿದಾಗ ಅಕ್ಕನಿಗೆ ಒಲೆ ಸಿಕ್ಕಿತು. ಮುಂದಿನ ಹಬ್ಬಕ್ಕೆ ಜೇವರ್ಗಿಯಿಂದ ನಮ್ಮ ಮನೆಗೆ ರೊಟ್ಟಿ ಬಂತು, ಧೋತರದ ಗಂಟಿನಲ್ಲಿ. ಮಾವ ಅಂದು ನಮ್ಮಲ್ಲೇ ಊಟಕ್ಕೆ ಕುಳಿತಿದ್ದ. ಶೇಂಗಾ ಹಿಂಡಿ ಹಚ್ಚಿಕೊಂಡು ಕಟುಮ್ ಕಟುಮ್ ಕಡಿಯುತ್ತಾ, “ಬೀಗತಿ ಕೈ ಅಂದ್ರ ಇದು ನೋಡ್ರಿ!” ಎಂದ.

“ಬೀಗತಿ ಅಲ್ಲ, ನನ್ನ ಮಗಳು ಬಡದಾಳ,” ಎಂದಳು ಅವ್ವ.

ಮಾವನ ಕೈ ಇನ್ನೊಂದು ರೊಟ್ಟಿಗೆ ಹೋಯಿತು. ನಾಚಿಕೆ ಮಾತ್ರ ಹತ್ತಿರ ಸುಳಿಯಲಿಲ್ಲ. ಏಳುವಾಗ, “ಮನಿಗೆ ನಾಕು ಕಟ್ಟಿ ಕೊಡು,” ಎಂದ. ಅವ್ವ ಒಳಗಿನಿಂದ ಮದುವೆಯಲ್ಲಿ ಉಳಿದಿದ್ದ ಫೋಟೊ ಕವರ್ ತಂದು ಅವನ ಮುಂದಿಟ್ಟಳು.

“ತುಂಬ್ಕೊಂಡ ಹೋಗು.”

ಮಾವ ಕವರ್ ನೋಡಿದ, ಅವ್ವನ ಮುಖ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಹಾಸಿ, ರೊಟ್ಟಿಗಳನ್ನು ಅದರಲ್ಲಿ ಕಟ್ಟಿಕೊಂಡು ಹೋದ.