ಇಂಟರ್ವಲ್ ನಂತರದ ಶೈಲಜ

ಚೇಕಾಡಿಯ ಗದ್ದೆಬಯಲಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವ ಜಾಗ ಒಂದೇ, ಅದು ಏರುಮಾಡ. ಮರದ ಕವಲಿಗೆ ಬಿದಿರು ಕಟ್ಟಿ, ಹುಲ್ಲು ಹೊದಿಸಿ ಮಾಡಿದ ಕಾವಲು ಗುಡಿಸಲು. ರಾತ್ರಿ ಆನೆ ಕಾಯಲು ಗಂಡಸರು, ಹಗಲು ಮಂಗ ನವಿಲು ಓಡಿಸಲು ಹೆಂಗಸರು ಏಣಿ ಹತ್ತುತ್ತಾರೆ. ಹಿಂದೆಲ್ಲ ಕಾವಲೆಂದರೆ ಮನೆಯವರಿಗೆಲ್ಲ ಒಂದೊಂದು ಕಾಯಿಲೆ ಬರುತ್ತಿತ್ತು. ಈಗ ಎಲ್ಲರಿಗೂ ಗದ್ದೆಯ ಮೇಲೆ ಎಲ್ಲಿಲ್ಲದ ಪ್ರೀತಿ.

ಮನೆಗೆ ಇರುವುದು ಒಂದು ಮೊಬೈಲು. ರಾತ್ರಿ ಅದು ಬಾಲಕೃಷ್ಣನ್‌ನದು. ಆನೆ ಬರುವ ತನಕ ಅವನು ಲೂಡೊ ಆಡುತ್ತಾನೆ. ಎದುರಾಳಿಗಳು ಯಾರೋ, ಯಾವ ದೇಶದವರೋ. ಅವರು ಕಾಯಿ ಹೊಡೆದಾಗ ಅವನು ಹಾಕುವ ಕೂಗಿಗೆ ಆನೆಗಳೇ ಎಷ್ಟೋ ಸಲ ದಾರಿ ಬದಲಿಸಿವೆ. ಬೆಳಿಗ್ಗೆ ಹೆಂಡತಿ ಶೈಲಜ ಏಣಿ ಹತ್ತಿ ಮೊಬೈಲು ಕೈಗೆ ತೆಗೆದುಕೊಳ್ಳುವಾಗ ಆ ದಿನದ ಡೇಟಾದಲ್ಲಿ ಉಳಿದಿರುವುದು ಅರ್ಧ. ಅರ್ಧ ಡೇಟಾಕ್ಕೆ ಅರ್ಧ ಸಿನಿಮಾ. ಸರಿಯಾಗಿ ಇಂಟರ್ವಲ್ಲಿನ ಹೊತ್ತಿಗೆ ನಾಯಕನ ಮುಖ ನಿಂತುಬಿಡುತ್ತದೆ, ಬಾಯಿ ತೆರೆದುಕೊಂಡು.

ಶೈಲಜ ಹುಟ್ಟಿದ್ದು ಹೊಳೆಯ ಆಚೆ, ಕನ್ನಡದ ದಡದ ಬೈರಕುಪ್ಪೆಯಲ್ಲಿ. ಮದುವೆಯಾಗಿ ದೋಣಿಯಲ್ಲಿ ಕಬಿನಿ ದಾಟಿ ಬಂದವಳು. ಮಲಯಾಳ, ತಮಿಳು ಯಾವ ಸಿನಿಮಾ ನೋಡಿದರೂ ಅದು ಅವಳ ಬಾಯಲ್ಲಿ ಹೊರಬರುವುದು ಮನೆಯ ಕನ್ನಡದಲ್ಲಿ. ಕೇಳುವವರು ಕೆಳಗೆ ಕಳೆ ಕೀಳುವ ಹೆಂಗಸರು. ಅವರ ಮುಂದಾಳು ನೀಲಿ, ಕಾಡಂಚಿನ ಹಾಡಿಯವಳು. ಬೆನ್ನು ಬಗ್ಗಿದ್ದರೂ ಕಿವಿ ನೆಟ್ಟಗೆ. ಮೊದಲ ಸಲ ಶೈಲಜ ಬುತ್ತಿಯ ಹೊತ್ತಿನಲ್ಲಿ ಅರ್ಧ ಕತೆ ಹೇಳಿ ನಿಲ್ಲಿಸಿದಾಗ ನೀಲಿ ಕೈಯಲ್ಲಿದ್ದ ತುತ್ತನ್ನು ಬಾಯಿಗಿಡದೆ ಕೇಳಿದ್ದಳು, "ಪಿನ್ನೆ?"

ಆಮೇಲೆ ಏನಾಯಿತು ಎಂದು ಶೈಲಜಳಿಗೇನು ಗೊತ್ತು. ಆದರೆ ಹಿಡಿದ ತುತ್ತಿನ ಮುಂದೆ ಡೇಟಾ ಮುಗಿಯಿತು ಎನ್ನಲು ನಾಲಿಗೆ ಏಳಲಿಲ್ಲ. ಅವಳು ಕಣ್ಣು ಮುಚ್ಚಿ, ಕಳೆದುಹೋಗಿದ್ದ ತಮ್ಮನೊಬ್ಬನನ್ನು ದೋಣಿ ಹತ್ತಿಸಿ ಕರೆತಂದಳು. ನೀಲಿ ಸೆರಗಿನಿಂದ ಕಣ್ಣೊರೆಸಿಕೊಂಡು ತುತ್ತು ನುಂಗಿದಳು.

ಅಂದಿನಿಂದ ಇಂಟರ್ವಲ್ಲಿನ ತನಕ ಸಿನಿಮಾದವರದು, ಆಮೇಲಿನದು ಶೈಲಜಳದು. ಅವಳ ಅರ್ಧದಲ್ಲಿ ತಾಯಂದಿರು ಸಾಯುತ್ತಿರಲಿಲ್ಲ, ನೀಲಿಗೆ ಅದು ಆಗದು. ಖಳರನ್ನು ಯಾರೂ ಗುಂಡಿಟ್ಟು ಕೊಲ್ಲುತ್ತಿರಲಿಲ್ಲ, ಮಳೆಯಲ್ಲಿ ನಿಲ್ಲಿಸಿ ಕಳೆ ಕೀಳಿಸುತ್ತಿದ್ದರು. ಜೋಡಿಗಳ ಮದುವೆಗೆ ಗಂಧಕಸಾಲೆ ಅಕ್ಕಿಯ ಅನ್ನ ಬೇಯುತ್ತಿತ್ತು. ಆ ಪರಿಮಳವನ್ನು ಅವಳು ಎಷ್ಟು ಹೊತ್ತು ಹೇಳುತ್ತಿದ್ದಳೆಂದರೆ ಮದುಮಕ್ಕಳು ಕಾಯಬೇಕಾಗುತ್ತಿತ್ತು. ಮರುದಿನ ಉಳಿದ ಅರ್ಧ ನೋಡಬಹುದಿತ್ತು. ಮನಸ್ಸು ಬರುತ್ತಿರಲಿಲ್ಲ. ತಾನು ಬದುಕಿಸಿದವರನ್ನು ಅಲ್ಲಿ ಸಾಯಿಸಿಟ್ಟಿದ್ದರೆ?

ಪುಲ್ಪಳ್ಳಿಯಲ್ಲಿ ಪ್ಲಸ್ ಟು ಓದುವ ಮಗಳು ಅನಘ ಒಂದು ಶನಿವಾರ ಅಮ್ಮ ಕತೆ ಹೇಳುವುದನ್ನು ಗೆಳತಿಯ ಮೊಬೈಲಿನಲ್ಲಿ ಚಿತ್ರೀಕರಿಸಿ ಇನ್‌ಸ್ಟಾಗ್ರಾಮಿಗೆ ಹಾಕಿದಳು. ಕಡಲತೀರದ ಊರಲ್ಲಿ ಮೀನು ಮಾರುವ ತಾಯಿ, ಮಾಡದ ತಪ್ಪಿಗೆ ಜೈಲು ಸೇರಿದ ಮಗ. ಆಸ್ಪತ್ರೆಯ ಬೆಂಚಿನ ಮೇಲೆ ತಾಯಿ ಜ್ವರದಲ್ಲಿ ನಡುಗುವಾಗ ಕಳೆದುಹೋದ ಕಿರಿಯ ಮಗ ಡಾಕ್ಟರಾಗಿ, ಗಳ ಊರಿ ತಳ್ಳುವ ದೋಣಿಯಲ್ಲಿ ಬಂದಿಳಿಯುತ್ತಾನೆ. ಕಂಡವರೆಲ್ಲ ಹೃದಯ ಒತ್ತಿದರು. ಕುಟ್ಟದ ನಾದಿನಿ ಒತ್ತಿದಳು, ಬೈರಕುಪ್ಪೆಯ ಬಳಗವೆಲ್ಲ ಒತ್ತಿತು, ಗುರುತಿಲ್ಲದವರೂ ಒತ್ತಿದರು. ನಡುವೆ ಒಬ್ಬ ಅವಳನ್ನು ಅಕ್ಕನೆಂದೇ ಕರೆದು ಬರೆದಿದ್ದ: ಈ ಚೇಚಿ ಯಾವ ಸಿನಿಮಾ ನೋಡಿದ್ದು, ಇದರಲ್ಲಿ ತಮ್ಮನೇ ಇಲ್ಲವಲ್ಲ.

ಅನಘ ಬಿದ್ದು ಬಿದ್ದು ನಕ್ಕು ಅದನ್ನು ಅಮ್ಮನಿಗೆ ತೋರಿಸಿದಳು. ಶೈಲಜಳ ಮುಖ ನೆನೆದ ಕಾಗದದಂತಾಯಿತು. ನೀಲಿಯ ಬಳಿ ಮೊಬೈಲಿಲ್ಲ ಎಂಬುದೊಂದೇ ಅವಳಿಗೆ ಉಳಿದ ನೆಮ್ಮದಿ.

ಅದೂ ಹೆಚ್ಚು ದಿನ ಉಳಿಯಲಿಲ್ಲ. ಹಳೆಯ ಸಿನಿಮಾಗಳನ್ನು ತೊಳೆದು ಮತ್ತೆ ಟಾಕೀಸಿಗೆ ಬಿಡುವ ಕಾಲವಿದು. ಓಣಂಗೆ ಮಾನಂತವಾಡಿಗೆ ಬಂದದ್ದು ಅದೇ ಕಡಲತೀರದ ತಾಯಿಯ ಸಿನಿಮಾ. ಪೋಸ್ಟರ್ ನೋಡಿ ಬಂದ ಬಾಲಕೃಷ್ಣನ್ ಸಂತೋಷದಲ್ಲಿ ಗದ್ದೆಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟ. ತನಗೆ ಆ ತಾಯಿಯನ್ನು ಕಣ್ಣಾರೆ ನೋಡಬೇಕು ಎಂದಳು ನೀಲಿ. ಶೈಲಜ ತಲೆನೋವು ಎಂದಳು. ಕಾಡಿನ ದಾರಿಯಲ್ಲಿ ಒಂಟಿಸಲಗ ಇದೆಯಂತೆ ಎಂದಳು. ಟಾಕೀಸಿನಲ್ಲಿ ತಿಗಣೆ ಎಂದಳು. ಯಾವತ್ತೂ ಮಾತಾಡದ ಮಾವ ಚಾತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹೇಳಿದ್ದರಲ್ಲಿ ಎಲ್ಲ ಮುಗಿಯಿತು. "ಜೀಪಿಗೆ ಹೇಳಿ ಆಯ್ತು."

ಓಣಂ ಮರುದಿನ ಮಧ್ಯಾಹ್ನದ ಆಟಕ್ಕೆ ಜೀಪು ಹೊರಟಿತು. ಮುಂದೆ ಚಾತು, ಬಾಲಕೃಷ್ಣನ್; ಹಿಂದೆ ಅನಘ ಮತ್ತು ಹೊಸ ಸೀರೆ, ಹೂವಿನ ಹೆಂಗಸರು. ದಾರಿಯುದ್ದಕ್ಕೂ ನೀಲಿ ಶೈಲಜಳ ಕತೆಯನ್ನೇ ಇನ್ನೊಮ್ಮೆ ಹೇಳಿ ಎಲ್ಲರನ್ನೂ ಸಜ್ಜುಗೊಳಿಸಿದಳು. ಇಂದು ಸಂಜೆಯಿಂದ ಗದ್ದೆಯಲ್ಲಿ ತನ್ನ ಮಾತಿಗೆ ಯಾರೂ ಕಿವಿಗೊಡುವುದಿಲ್ಲ ಎಂದು ಶೈಲಜ ಜೀಪಿನ ಕಂಬಿ ಹಿಡಿದು ಕೂತಿದ್ದಳು. ಬುತ್ತಿಯ ಹೊತ್ತಿನ ಆ ಮುಖಗಳು, ಆ ಪಿನ್ನೆ, ಎಲ್ಲ ಹೋಯಿತು.

ಮೊದಲರ್ಧ ಅವಳು ಹೇಳಿದಂತೆಯೇ ಸಾಗಿತು. ಮುಂದಿನ ಮಾತನ್ನು ನೀಲಿ ನಟರಿಗಿಂತ ಮೊದಲೇ ಹೇಳಿ ಅಕ್ಕಪಕ್ಕದವರಿಂದ ಬೈಸಿಕೊಂಡಳು. ಇಂಟರ್ವಲ್ಲಿನಲ್ಲಿ ಎಲ್ಲರೂ ಶೈಲಜಳಿಗೆ ಐಸ್‌ಕ್ರೀಮ್ ಕೊಡಿಸಿದರು. ಅದು ಅವಳ ಕೈಯಲ್ಲೇ ಕರಗಿತು.

ದೀಪ ಆರಿತು. ಆಗ ಒಂದು ವಿಚಿತ್ರ ನಡೆಯಿತು. ಶೈಲಜಳ ಹೆದರಿಕೆ ಎಲ್ಲಿ ಹೋಯಿತೋ, ಅವಳು ಸೀಟಿನ ತುದಿಗೆ ಜಾರಿ ಕೂತಳು. ಇಷ್ಟು ವರ್ಷಗಳಲ್ಲಿ ಯಾವ ಸಿನಿಮಾದ ಎರಡನೇ ಅರ್ಧವನ್ನೂ ಕಂಡವಳಲ್ಲ. ಮುಂದೇನಾಗುತ್ತದೆ ಎಂದು ತಿಳಿಯದೆ ಕೂರುವುದು ಇಷ್ಟು ಚೆಂದವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ತಾಯಿ ಬೆಂಚಿನ ಮೇಲೆಯೇ ಸತ್ತಳು.

ನೀಲಿ ಎದ್ದು ನಿಂತಳು. ಹಿಂದಿನವರು ಕೂರು ಕೂರು ಎಂದರೂ ಕೂರಲಿಲ್ಲ. ಪರದೆಯನ್ನೊಮ್ಮೆ, ಶೈಲಜಳನ್ನೊಮ್ಮೆ ನೋಡಿದಳು. ಶೈಲಜಳ ಕೆನ್ನೆ ತುಂಬ ನೀರು. ತಮ್ಮ ಬರಲಿಲ್ಲ, ಅನ್ನ ಬೇಯಲಿಲ್ಲ, ಖಳನೊಬ್ಬ ಮೇಲಿನಿಂದ ಬಿದ್ದು ಸತ್ತ. ಮಗ ಹಡಗು ಹತ್ತಿ ಒಬ್ಬನೇ ಹೊರಟುಹೋದ. ದೀಪ ಹತ್ತಿತು. ಚೇಕಾಡಿಯ ಸಾಲು ಸೆರಗು ಸರಿಪಡಿಸಿಕೊಂಡು ಎದ್ದಿತು.

ಹೊರಗೆ ಚಾಯದ ಅಂಗಡಿಯ ಮುಂದೆ ಎಲ್ಲರೂ ಗಾಜಿನ ಲೋಟ ಹಿಡಿದು ನಿಂತರು. ಸತ್ತ ಮನೆಯ ಹಾಗಿತ್ತು. ಶೈಲಜ ನೆಲ ನೋಡುತ್ತಾ ನಿಂತಿದ್ದಳು. ನೀಲಿ ಚಾಯ ಊದಿ ಊದಿ ಮುಗಿಸಿ, ಲೋಟ ಇಟ್ಟು, ಅವಳ ಎದುರು ಬಂದು ಮಗಳನ್ನು ಕರೆಯುವ ಹಾಗೆ ಕರೆದಳು.

"ಮೋಳೆ, ಆ ಡಾಕ್ಟರು ಬಂದ ದೋಣೀನ ಗಳ ಊರಿ ತಳ್ಳಿದ್ರು ಅಂದಿದ್ದೆ ಅಲ್ವಾ?"

ಶೈಲಜ ತಲೆಯಾಡಿಸಿದಳು.

"ನಾನ್ ಕಡಲು ನೋಡಿದ್ದು ಇವತ್ತೇ. ಆದ್ರೂ ಕಡಲಿಗೆ ಗಳ ಊರಿದ್ರೆ ತಳ ಸಿಗ್ತದಾ? ಅದು ನಿಮ್ಮ ಬೈರಕುಪ್ಪೆ ದೋಣಿ. ಅವತ್ತೇ ಗೊತ್ತಾಯ್ತು ನಂಗೆ."

"ಗೊತ್ತಿದ್ದೂ ಯಾಕೆ ಬಂದೆ ಚೇಚಿ?"

"ಯಾರ್ದು ಚೆಂದ ಅಂತ ನೋಡೋಕೆ." ನೀಲಿ ಟಾಕೀಸಿನ ಕಡೆ ತಿರುಗಿ, ಬದುವಿನಲ್ಲಿ ಕೆಲಸಗಳ್ಳಿಯನ್ನು ನೋಡುವ ಹಾಗೆ ಆ ದೊಡ್ಡ ಪೋಸ್ಟರನ್ನು ನೋಡಿದಳು. "ಇವ್ರಿಗೆ ಇಷ್ಟು ಕಾಸಿದ್ದೂ ಒಂದು ಮುದುಕೀನ ಬದುಕ್ಸೋಕೆ ಆಗ್ಲಿಲ್ಲ."

ಮೊದಲು ನಕ್ಕದ್ದು ಅನಘ. ಆಮೇಲೆ ಹೆಂಗಸರೆಲ್ಲ ನಕ್ಕರು, ಚಾಯ ಚೆಲ್ಲಿತು, ಹೊಸ ಸೀರೆ ಒದ್ದೆಯಾಯಿತು. ಶೈಲಜ ಅಳುತ್ತಲೇ ನಕ್ಕು ಬಿಕ್ಕಳಿಕೆ ಹತ್ತಿಸಿಕೊಂಡಳು. ಜೀಪು ಹತ್ತುತ್ತಿದ್ದಂತೆ ನೀಲಿ ಅವಳನ್ನು ಮಧ್ಯದಲ್ಲಿ ಕೂರಿಸಿ, ಬೆಂಚಿನಿಂದ ಶುರುಮಾಡು ಎಂದಳು. ಶೈಲಜ ತಾಯಿಯ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದಳು. ಕಾಡಿನ ದಾರಿಗೆ ಬಂದಾಗ ಜ್ವರ ಇಳಿಯುತ್ತಿತ್ತು. ತಮ್ಮ ಇನ್ನೂ ಹೊಳೆಯ ನಡುವೆ ಇದ್ದಾನೆ, ಊರು ಹತ್ತಿರ ಬರುತ್ತಿದೆ ಎಂದು ಕಂಡು ಚಾತು ಡ್ರೈವರನ ಭುಜ ತಟ್ಟಿ ನಿಧಾನ ಹೋಗಲು ಹೇಳಿದರು.

ಹೆಂಡತಿಯ ಕಣ್ಣೀರು ನೋಡಿದ ಬಾಲಕೃಷ್ಣನ್ ಮಾತ್ರ ಆ ರಾತ್ರಿ ದೊಡ್ಡ ತ್ಯಾಗ ಮಾಡಿದ. ಅವಳು ಪೂರ್ತಿ ಸಿನಿಮಾ ನೋಡಲಿ ಎಂದು ಒಂದೂ ಆಟವಾಡದೆ ಆನೆ ಕಾದ. ಬೆಳಿಗ್ಗೆ ಗದ್ದೆಗಿಳಿದ ಹೆಂಗಸರ ಎದುರು ನಿಂತು, ಡೇಟಾವೆಲ್ಲ ಹಾಗೇ ಇದೆ, ಇನ್ನು ಮೇಲೆ ಲೂಡೊ ಮುಟ್ಟುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿದ.

ಏಣಿಯ ಅರ್ಧದಲ್ಲಿದ್ದ ಶೈಲಜ ನಿಂತು ಕೆಳಗೆ ನೋಡಿದಳು. ನೀಲಿ ಕೈಯ ಕೆಸರನ್ನು ಹುಲ್ಲಿಗೆ ಒರೆಸಿ, ಅವನನ್ನು ಮೆತ್ತಗೆ ಏಣಿಯ ಕಡೆ ತಳ್ಳಿದಳು.

"ಬಾಲಣ್ಣ, ಮೊದ್ಲು ನೀನ್ ಹತ್ತು. ಮಧ್ಯಾಹ್ನಕ್ಕೆ ನಮಗೆ ಕತೆ ಬೇಕು. ಹೋಗಿ ಒಂದೆರಡು ಆಟ ಆಡ್ಬಿಟ್ಟು ಬಾ."