ಒಂದೇ ಹಿಡಿ ಗುಗ್ಗರಿ

ರೂಡಿಬೆನ್ ಬಾಯಿಂದ ಒಳ್ಳೆಯ ಮಾತು ಕೇಳಿದವರು ನಮ್ಮ ಊರಲ್ಲಿ ಯಾರೂ ಇಲ್ಲ, ದನಗಳನ್ನು ಬಿಟ್ಟರೆ. ಮಹಾಜನರ ಪಾಂಜರಾಪೋಳವೆಂಬ ಗೋಶಾಲೆಯ ಗೇಟಿನೆದುರು ಹದಿನೆಂಟು ವರ್ಷದಿಂದ ಹಸಿ ಮೇವು ಮಾರುತ್ತಿರುವ ನನ್ನನ್ನೇ ಅವಳು ಒಮ್ಮೆಯೂ ಹೇಗಿದ್ದೀಯ ಎಂದು ಕೇಳಿಲ್ಲ. ಗಂಡ ಸತ್ತ ಮೇಲೆ ಅವಳು ಇಲ್ಲಿ ಕೆಲಸಕ್ಕೆ ಸೇರಿದಳು. ಮುದಿಯಾದ, ಕುಂಟಾದ, ಹಾಲು ಬತ್ತಿದ ಮುನ್ನೂರು ದನ ಒಳಗಿವೆ. ಎಡ ಪಕ್ಕೆಯ ಕುಳಿಗೆ ಮುಷ್ಟಿ ಒತ್ತಿ ಹಿಡಿದು, ಹೊಟ್ಟೆ ಎಷ್ಟು ಸಲ ಹೊರಳಿತು ಎಂದು ನೋಡಿಯೇ ಯಾವುದಕ್ಕೆ ಏನಾಗಿದೆ ಎಂದು ಹೇಳಿಬಿಡುತ್ತಾಳೆ. ಡಾಕ್ಟರು ಬಂದರೂ ಮೊದಲು ಅವಳ ಮುಖ ನೋಡುತ್ತಾರೆ.

ವರ್ಷದಲ್ಲಿ ಒಂದು ದಿನ ಅವಳಿಗೆ ಮೈಯೆಲ್ಲ ಉರಿಯುತ್ತದೆ: ಉತ್ತರಾಯಣ, ಸಂಕ್ರಾಂತಿಯ ಹಬ್ಬ. ಅಂದು ದನಕ್ಕೆ ಗುಗ್ಗರಿ ತಿನ್ನಿಸಿದರೆ ಪುಣ್ಯವಂತೆ. ಸರಿ, ಬೆಲ್ಲ ಹಾಕಿ ಬೇಯಿಸಿದ ಗೋಧಿಯನ್ನು ಊರಿಗೆ ಊರೇ ಬಕೆಟ್ಟುಗಟ್ಟಲೆ ಹೊತ್ತು ಬರುತ್ತದೆ. ವರ್ಷವಿಡೀ ಒಣಹುಲ್ಲು ತಿಂದ ಹೊಟ್ಟೆಗೆ ಅದು ವಿಷ. ಹೋದ ವರ್ಷ ಮಾರನೆಯ ದಿನಕ್ಕೆ ಹನ್ನೊಂದು ಹಸು ಹೊಟ್ಟೆ ಉಬ್ಬಿ ಬಿದ್ದವು, ಏಳು ಸತ್ತವು. ಉಳಿದ ನಾಲ್ಕರಲ್ಲಿ ಕಾಬರಿ ಒಂದು, ಮೈತುಂಬ ಚುಕ್ಕೆಯ ಮುದಿ ಹಸು. ಅದಕ್ಕೆ ಸೋಡಾ ನೀರು ಕುಡಿಸುತ್ತ, ಹೊಟ್ಟೆ ತಿಕ್ಕುತ್ತ ರೂಡಿಬೆನ್ ಮೂರು ದಿನ ಪಕ್ಕದಲ್ಲೇ ಬಿದ್ದುಕೊಂಡಿದ್ದಳು. ಬದುಕಿತು, ಹಿಂಗಾಲುಗಳ ಸ್ವಾಧೀನ ಹೋಯಿತು. ಅಂದಿನಿಂದ ಅದು ಗೇಟಿನ ಒಳಗೆ ಬಿಸಿಲಲ್ಲಿ ಮಲಗಿರುತ್ತಿತ್ತು. ಅವಳು ಊಟ ಮಾಡುತ್ತಿದ್ದುದು ಅದಕ್ಕೆ ಒರಗಿಕೊಂಡೇ.

ಈ ವರ್ಷ ಅವಳು ಬೆಳಿಗ್ಗೆಯೇ ಗೇಟಿಗೆ ಬೀಗ ಜಡಿದಳು. ಮೇಲೆ ಆಕಾಶದ ತುಂಬ ಗಾಳಿಪಟ, ಕೆಳಗೆ ರಸ್ತೆಯುದ್ದಕ್ಕೂ ಬಕೆಟ್ಟು.

"ಬೀಗ ತೆಗಿ ರೂಡಿಬೆನ್, ಮುಹೂರ್ತ ಮೀರತ್ತೆ!"

"ಮೀರ್ಲಿ. ಮನೇಲಿ ನಿಮ್ಮತ್ತೆಗೆ ತಿನ್ಸು, ಒಂದ್ ಬಕೆಟ್ ಪೂರ್ತಿ!"

ನನಗೂ ಸಿಟ್ಟು ಬಂತು. ಹಬ್ಬದ ದಿನ ಗೇಟು ಮುಚ್ಚಿದರೆ ನನ್ನ ಮೇವನ್ನು ಯಾರು ಕೇಳುತ್ತಾರೆ? ಅಷ್ಟರಲ್ಲಿ ಪಾಂಜರಾಪೋಳ ನಡೆಸುವ ಟ್ರಸ್ಟಿನ ವಾಡಿಲಾಲ್ ಶೇಠರ ಕಾರು ಬಂತು. ಊರೆಲ್ಲ 'ಬಾ', ಅಂದರೆ ಅಮ್ಮ, ಎಂದು ಕರೆಯುವ ಶೇಠರ ತಾಯಿ ಮೋಂಘಿಬಾ ಇಳಿದರು, ಹಿಂದೆ ಹಿತ್ತಾಳೆ ಕೊಳಗ. ಗಂಡನ ಹೆಸರಲ್ಲಿ ನಲವತ್ತು ವರ್ಷದಿಂದ ತಪ್ಪದ ಗುಗ್ಗರಿ.

"ಬಾ, ಪಜೂಸಣ ಹಬ್ಬದಲ್ಲಿ ಎಂಟು ದಿನ ಉಪವಾಸ ಮಾಡಿದ್ರಲ್ಲ," ರೂಡಿಬೆನ್ ಸರಳಿನ ಒಳಗಿಂದಲೇ ಕೇಳಿದಳು. "ಬಿಟ್ಟ ದಿನ ಏನ್ ತಗೊಂಡ್ರಿ?"

"ಹೆಸರುಬೇಳೆ ತಿಳಿ. ಇನ್ನೇನು?"

"ನಾನು ಆವತ್ತು ಈ ಕೊಳಗ ತಂದು ಮುಂದಿಟ್ಟಿದ್ರೆ?"

"ಅಯ್ಯೋ, ಸತ್ತೇ ಹೋಗ್ತಿದ್ದೆ!"

"ಅದನ್ನೇ ನಾನು ಒಂದ್ ವರ್ಷದಿಂದ ಬಡ್ಕೋತಿರೋದು. ಕೊಡಲೇಬೇಕು ಅಂದ್ರೆ ದಿನಾ ಒಂದ್ ಹಿಡಿ ತನ್ನಿ. ನಾಳೆ ಬನ್ನಿ, ನಾಡಿದ್ದು ಬನ್ನಿ."

"ನಾಳೆ ಕೊಟ್ರೆ ಪುಣ್ಯ ಎಲ್ಲಿ ಬರತ್ತೆ?"

"ನಾಳೆನೂ ಹೊಟ್ಟೆ ಇರತ್ತಲ್ಲ ಬಾ ಇವಕ್ಕೆ!"

ಶೇಠರಿಗೆ ಕೋಪ ನೆತ್ತಿಗೇರಿತ್ತು. ಮೋಂಘಿಬಾ ಮಗನ ಕೈ ಹಿಡಿದು ತಡೆದರು. "ಕೊಳಗ ಬೇಡ. ನಾಳೆಯಿಂದ ದಿನಾ ಬರ್ತೀನಿ. ಇವತ್ತು ಅವರ ಹೆಸರಲ್ಲಿ ಒಂದೇ ಒಂದು ಹಿಡಿ ಕೊಡ್ತೀನಿ ಕಣಮ್ಮ," ಎಂದರು. ಕಣ್ಣಲ್ಲಿ ನೀರಿತ್ತು. ಒಂದು ಹಿಡಿಗೆ ಏನೂ ಆಗುವುದಿಲ್ಲವೆಂದು ರೂಡಿಬೆನ್‌ಗೂ ಗೊತ್ತು. ಬೀಗ ತೆಗೆದಳು. ಮೋಂಘಿಬಾ ಕಾಬರಿಯ ಬಾಯಿಗೆ ಹಿಡಿ ಗೋಧಿ ಕೊಟ್ಟು ಕೈ ಮುಗಿದರು.

ಅದೇ ಹೊತ್ತಿಗೆ ಹಿಂದಿನ ಗೋಡೆ ಹತ್ತಿ ಯಾರೋ ಬಕೆಟ್ ಸುರಿಯುತ್ತಿದ್ದಾರೆಂದು ಕೂಗು ಬಂತು. ರೂಡಿಬೆನ್ ಓಡಿದಳು. ಸಂಜೆಯವರೆಗೂ ಅವಳು ದೊಡ್ಡ ಕೊಟ್ಟಿಗೆಯ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಳು. ಒಂದು ಕಾಳೂ ಒಳಗೆ ಹೋಗಲಿಲ್ಲ.

ಇತ್ತ ಬೀಗ ತೆರೆದೇ ಇದ್ದ ಗೇಟಿನ ಬಳಿ ಶೇಠರು ತೀರ್ಪು ಕೊಟ್ಟಿದ್ದರು: "ಬಾ ಕೊಟ್ಟ ಹಾಗೇ, ಎಲ್ಲರೂ ಒಂದೇ ಹಿಡಿ. ಜಾಸ್ತಿ ಇಲ್ಲ." ಜನ ಎಷ್ಟು ಶಿಸ್ತಿನಿಂದ ಸಾಲು ನಿಂತರು! ಯಾರೂ ಎರಡನೇ ಹಿಡಿ ಕೊಡಲಿಲ್ಲ. ಇನ್ನೂರು ಜನ, ಎದುರಿಗೆ ಎದ್ದು ಹೋಗಲಾರದ ಒಂದು ಹಸು. ಆ ಸಾಲಿನಲ್ಲಿ ನಾನೂ ಇದ್ದೆ. ಯಾರದೋ ಬಕೆಟ್ಟಿನಿಂದ ಒಂದು ಹಿಡಿ ತೆಗೆದುಕೊಂಡು ಕೊಟ್ಟು ಬಂದೆ. ಇಷ್ಟರಿಂದ ಏನಾಗುತ್ತದೆ ಅಂದುಕೊಂಡೆ. ಎಂಥ ಬುದ್ಧಿಯೋ ನಮ್ಮದು.

ಬೆಳಿಗ್ಗೆ ಕಾಬರಿ ನಾಲ್ಕು ಕಾಲೂ ಸೆಟೆದು ಬಿದ್ದಿತ್ತು, ಹೊಟ್ಟೆ ನಗಾರಿಯಂತೆ ಉಬ್ಬಿ. ಶೇಠರು ಬಂದು ನೋಡಿದರು. "ಹೋದ ಸಲ ಏಳು, ಈ ಸಲ ಒಂದೇ. ಭಲೇ ರೂಡಿಬೆನ್!" ಅಂದರು. ಅವಳು ಬೈಯುತ್ತಾಳೆಂದು ನಾನು ಕಾದೆ. ಅವಳು ಒಬ್ಬಳೇ ಕೂತು ಅದರ ಕಿವಿಯ ಉಣ್ಣೆಹುಳು ಕೀಳುತ್ತಿದ್ದಳು.

ಅಷ್ಟರಲ್ಲಿ ಮೋಂಘಿಬಾ ನಡೆದುಕೊಂಡೇ ಬಂದರು, ಕೊಟ್ಟ ಮಾತಿನಂತೆ, ಸೆರಗಿನ ತುದಿಯಲ್ಲಿ ಒಂದು ಹಿಡಿ ಗೋಧಿ ಕಟ್ಟಿಕೊಂಡು. ಹಸುವನ್ನು ನೋಡಿ ನಿಂತುಬಿಟ್ಟರು.

"ನಾನು ಒಂದೇ ಹಿಡಿ ಕೊಟ್ಟಿದ್ದು, ರೂಡಿ."

"ಹೌದು ಬಾ," ಎಂದಳು ರೂಡಿಬೆನ್, ತಲೆ ಎತ್ತದೆ. "ಎಲ್ಲರೂ ಒಂದೇ ಹಿಡಿ ಕೊಟ್ಟಿದ್ದು."